ಈಲಿಯೊಳಗೆ ಬಿಲ

ಒಪ್ಪಿಗೆ ಪತ್ರದ ಒಂಬತ್ತನೇ ಪ್ರಶ್ನೆ:
ಇಲಿಯಿಂದ ತಯಾರಾದ ಔಷಧ ಈ ಮೊದಲು ಮೈಗೆ ಸೇರಿದೆಯೇ?
ಮರಿಕಾಳಯ್ಯ ನಕ್ಕು ಎಡಗೈ ಮುಂದೆ ಹಿಡಿದರು.
ಹೆಬ್ಬೆರಳ ಬುಡದಲ್ಲಿ, ಕಿರುಬೆರಳ ಗಿಣ್ಣಲ್ಲಿ
ಜೋಡಿ ಜೋಡಿ ಹಲ್ಲಿನ ಕಲೆ.
"ಔಸ್ದಿ ಸೇರಿಲ್ಲ ಕಣವ್ವ, ಇಲಿ ಸೇರದೆ."

ಮಂಡ್ಯದಾಚೆ, ನಾಲೆ ಬಯಲಲ್ಲಿ
ಮೂವತ್ತೆಂಟು ವರ್ಷ ಇಲಿ ಹಿಡಿದವರು.
ಬಿದಿರ ಬೋನು. ಬಾಲ ಎಣಿಸಿ ಕೂಲಿ.
ಭತ್ತ ಹಾಲು ತುಂಬುವ ಹೊತ್ತಿಗೆ
ಊಟಕ್ಕೂ ಬಿಡುವಿಲ್ಲದಷ್ಟು ಕರೆ.
ಹೋದ ವರ್ಷ ಇದೇ ಮೈಸೂರಿನಲ್ಲಿ
ಕರುಳನ್ನು ಗೇಣುದ್ದ ಕೊಯ್ದು ಗಂಟು ತೆಗೆದರು.
ಈಗ ರಕ್ತದಲ್ಲಿ ಒಂದು ಅಂಕಿ ಏರುತ್ತಿದೆ,
ಎಲ್ಲಿಂದ ಅಂತ ತಿಳಿಯುತ್ತಿಲ್ಲ.
ಡಾಕ್ಟರ್ ವನಮಾಲಾಗೆ ಯಕೃತ್ತಿನ ಮೇಲೆ ಅನುಮಾನ.
"ಈಲಿ," ಎಂದೆ ನಾನು, ಅರ್ಥವಾಗಲೆಂದು.
"ಇಲಿಯಾ?"
"ಅಲ್ಲ, ಈಲಿ."
ಒಂದು ದೀರ್ಘದಷ್ಟು ದೂರ, ಅಷ್ಟೇ.

ಸಿರಿಂಜಿಗೆ ಸೀಸದ ಕವಚ ತೊಡಿಸುತ್ತ
ದಿನವೂ ಹೇಳುವುದನ್ನೇ ಹೇಳಿದೆ:
ಗಂಟಿನ ಗುರುತನ್ನು ಎಂದೋ ಒಂದು ಬಿಳಿ ಸುಂಡಿಲಿಗೆ ಚುಚ್ಚಿದರು.
ಅದರ ಗುಲ್ಮದಲ್ಲಿ ಒಂದು ಕಣ ಆ ಗುರುತು ಕಲಿಯಿತು.
ಕಲಿತ ಕಣವನ್ನು, ಸಾಯಲು ಬಾರದ ಇನ್ನೊಂದಕ್ಕೆ ಬೆಸೆದರು.
ಇಲಿ ಸತ್ತು ಎಷ್ಟು ಕಾಲವಾಯಿತೋ,
ಕಣ ಮಾತ್ರ ಸೀಸೆಯೊಳಗೆ ಒಡೆದೊಡೆದು ಬೆಳೆದು
ಒಂದೇ ಥರದ ಆಂಟಿಬಾಡಿ ಬಸಿಯುತ್ತಲೇ ಇದೆ.
ಅದರ ಬೆನ್ನಿಗೆ ಚೂರು ಇಂಡಿಯಂ ಕಟ್ಟಿ
ನಿಮ್ಮ ನರಕ್ಕೆ ಬಿಡುತ್ತೇವೆ.
ಗಂಟು ಎಲ್ಲಿದ್ದರೂ ಹೋಗಿ ಕಚ್ಚಬೇಕು.

"ಓ, ಹೊಗೆ ಹಾಕೋ ಥರ ಅನ್ನು.
ಒಂದು ಬಿಲಕ್ಕೆ ಮಡಕೆ ಇಟ್ಟು ಊದಿದ್ರೆ
ಯಾವ್ಯಾವ ಬದದಲ್ಲಿ ಹೊಗೆ ಎದ್ದೀತು ಅಂತ ಕಾಯೋದು."
ಎರಡು ವರ್ಷದ ಡಿಪ್ಲೊಮಾದಲ್ಲಿ
ನನಗೆ ಯಾರೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ಮೂರು ದಿನ ಮಗಳ ಮನೆ, ಕೇಸರೆಯಲ್ಲಿ.
ಮೊಮ್ಮಗಳನ್ನು ತೊಡೆಗೆ ಕೂರಿಸಬೇಡಿ ಎಂದಿದ್ದೆ.
ಅವಳು ಹೊಸಿಲಾಚೆಯಿಂದ
"ತಾತ, ಇನ್ನೂ ಉರೀತಿದ್ದೀಯಾ?" ಅಂತ
ದಿನಾ ಕೇಳುತ್ತಿದ್ದಳಂತೆ.

ಗುರುವಾರ ಕ್ಯಾಮೆರಾದ ಕೆಳಗೆ
ನಲವತ್ತು ನಿಮಿಷ ಅಲುಗದೆ ಮಲಗಿದರು.
ಬದುವಿನ ಮೇಲೆ ಉಸಿರು ಹಿಡಿದು ಕೂತವರಿಗೆ ಅದೇನು ಮಹಾ.
ಈಲಿಯ ಪಾಡು ಬೇರೆ:
ಗಂಟಿಲ್ಲದ ಕಡೆಯೂ ಅದು ಆಂಟಿಬಾಡಿಯನ್ನು ನುಂಗುತ್ತದೆ,
ಪೂರಾ ಬೆಳಗುತ್ತದೆ, ದೀಪ ಹಚ್ಚಿದ ಬಯಲಿನಂತೆ.
ಅಲ್ಲಿ ನಾವು ಬೆಳಕನ್ನಲ್ಲ,
ಬೆಳಕು ತಿಂದ ಜಾಗವನ್ನು ಹುಡುಕುತ್ತೇವೆ.

ಪರದೆಯನ್ನು ರೋಗಿಗೆ ತೋರಿಸಕೂಡದು.
ನಾನು ಹಾಸಿಗೆ ಇಳಿಸುವಷ್ಟರಲ್ಲಿ ಅವರು ನೋಡಿಬಿಟ್ಟಿದ್ದರು.
"ಮೂರು ಬಿಲ," ಎಂದರು.
ವರದಿ ಡಾಕ್ಟರ್ ಕೊಡ್ತಾರೆ ಎಂದೆ.
"ಕೊಡ್ಲಿ. ಈ ಎರಡನ್ನ ಅಗೀಬೌದು. ಸುತ್ತ ಮಿನುಗ್ತದಲ್ಲ,
ಅದು ಹೊಸ ಮಣ್ಣು, ಒಳಗೆ ಜೀವ ಅದೆ.
ಈ ಕೆಳಗಿಂದು ಬದದ ಬುಡದಲ್ಲದೆ.
ಕೈ ಹಾಕ್ಬೇಡಿ ಅನ್ನು ಡಾಕ್ಟ್ರಿಗೆ.
ಬದ ಒಡೆದ್ರೆ ನೀರೆಲ್ಲ ಹೊಂಟೋಯ್ತದೆ."

ಹೆಬ್ಬಾಗಿಲಂಥ ಆ ರಕ್ತನಾಳ
ಸರಿಯಾಗಿ ಅಲ್ಲೇ ಹಾದುಹೋಗುತ್ತದೆ.
ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ನಾನು ಕಡತ ತೆರೆದು
ಒಂಬತ್ತನೇ ಪ್ರಶ್ನೆಗೆ "ಹೌದು" ಎಂದು ತಿದ್ದಿದೆ.
ಇನ್ನು ಅವರ ಮೈಯೇ ಆ ಇಲಿಯನ್ನು ಗುರುತಿಸಿಕೊಳ್ಳಬಹುದು,
ಮತ್ತೊಮ್ಮೆ ಬಿಟ್ಟರೆ ದಾರಿಯಲ್ಲೇ ಹಿಡಿದು ಹಾಕಬಹುದು.
ಅದನ್ನು ಹೇಳಿದಾಗ
"ಅಭ್ಯಾಸ," ಎಂದು ಅಂಗಿಯ ಗುಂಡಿ ಹಾಕಿಕೊಂಡರು.

ಬಾಗಿಲ ಹತ್ತಿರ ನಿಂತು, ತಿರುಗಿ:
"ನಿಮ್ ಸ್ಟೋರು ರೂಮಲ್ಲಿ ಒಂದದೆ ಕಣವ್ವ.
ಗೋಡೆ ಪಕ್ಕ ಹಿಕ್ಕೆ ನೋಡ್ದೆ.
ಇವತ್ತಿಂದೇ."