ಯಾವ ಸರ್ವೇ ನಂಬರಿನ ಬೂದಿ

ಮೈದಾ ಹಿಟ್ಟಿನ ಅಂಟು ಕುದಿಸಿ ಕೊಟ್ಟಾಕಿ ನನ್ನ ಹೇಂತಿ.
"ಉಳಿದದ್ದು ಚೆಲ್ಲಬ್ಯಾಡ್ರಿ, ಮುಂದಿನ ವಾರ ಮತ್ತೊಂದು ಬರತೈತಿ" ಅಂದಳು.
ನಾ ತಲಾಟಿ ಕಚೇರಿ ಸಹಾಯಕ.
ಡಂಗುರ ಹೋಗಿ ಹದಿನೈದು ವರ್ಷಾತು,
ಈಗ ಕೈಯಾಗ ಕುಂಚ.
ಪಂಚಾಯ್ತಿ ಗ್ವಾಡಿ, ಹಾಲಿನ ಡೇರಿ, ದುಂಡಪ್ಪನ ಚಾದಂಗಡಿ,
ಮೂರು ಕಡೆ ಹಚ್ಚಿದೆ:
ಕಬ್ಬಿನ ರವದಿ ಸುಡತಕ್ಕದ್ದಲ್ಲ.
ಸುಟ್ಟರೆ ಮಣ್ಣಿನ ಜೀವ ಸಾಯುತ್ತದೆ.
ಸುಟ್ಟವರಿಗೆ ಎಕರೆ ಲೆಕ್ಕದ ದಂಡ.
ಉಪಗ್ರಹ ನೋಡುತ್ತಿರುತ್ತದೆ.

ಸಂಜೀ ಮುಂದ ಗಂಗವ್ವನ ಆಡು ಡೇರಿ ಗ್ವಾಡೀದು ತಿಂತು,
ದಂಡದ ಅಂಕಿ ಇದ್ದ ಮೂಲಿಯಿಂದ ಸುರು ಮಾಡಿ.
ಊರು ನಕ್ಕಷ್ಟು ನಕ್ಕು, ಆಮ್ಯಾಲೆ ನಗೂದು ಬಿಟ್ಟಿತು.

ಪಾರಿಸಪ್ಪ ಬಶಿಯೊಳಗ ಚಾ ಸುರುವಿಕೊಂಡು ಕೇಳಿದ:
"ಉಪಗ್ರಹಕ್ಕ ನನ್ನ ಕಡ್ಡಿಪೆಟ್ಟಿಗಿ ಕಾಣತೈತಿ,
ಫ್ಯಾಕ್ಟರಿ ಚಿಮಣಿ ಕಾಣೂದಿಲ್ಲೇನೋ?
ನಿನ್ನೆ ನನ್ನ ಸೊಸಿ ಒಣಹಾಕಿದ ಶ್ಯಾವಿಗಿ
ಎಳ್ಳು ಉಗ್ಗಿಧಂಗ ಆಗಿತ್ತು."
"ಹ್ವಾದ ವರ್ಷ ಘಟಪ್ರಭಾದಾಗ ಮೀನ ಹೊಟ್ಟಿ ಮ್ಯಾಲೆ ಮಾಡಿ ತೇಲಿದಾಗ
ಯಾವ ಗ್ರಹ ನೋಡಾಕ ಬಂದಿತ್ತು?" ಇದು ಹಸನಸಾಬ,
ಬಲಿ ಮಡಚಿಟ್ಟು ಈಗ ಟ್ರ್ಯಾಕ್ಟರಿಗೆ ಪಂಚರ್ ಹಾಕಾಂವ.
ನಾ ಕುಂಚ ತೊಳಕೋಂತ ನಿಂತಿದ್ದೆ.

ಬಸಲಿಂಗಮ್ಮ ಮುದುಕಿ ಮಾತಾಡೂದು ಕಡಿಮಿ.
ಆಕೀ ತವರೂರು ಈಗ ಹಿನ್ನೀರಿನ ತಳಕ್ಕ.
"ನಮಗೂ ಮೊದಲ ಕಾಗದನ ಬಂದಿತ್ತು ತಮ್ಮಾ.
ಬರೇ ಅಳತಿ ಅಂದ್ರು.
ಊರ ಮ್ಯಾಲಿನ ಬಾರಿಗಿಡದ ಬುಡಕ ಒಂದು ಕಲ್ಲು ನಟ್ಟು ಹೋದ್ರು.
ನಾವು ಅದಕ್ಕ ಎಮ್ಮಿ ಕಟ್ಟತಿದ್ವಿ.
ಒಂದಿನ ನೀರು ಬಂತು, ಸರಿಯಾಗಿ ಆ ಕಲ್ಲಿನ ತನಕ.
ಗೇಣು ಹೆಚ್ಚಿಲ್ಲ, ಗೇಣು ಕಡಿಮಿಲ್ಲ.
ಸರಕಾರ ಸುಳ್ಳು ಹೇಳತೈತಿ ಅಂತ ನಾ ಅನ್ನೂದಿಲ್ಲ.
ಅರ್ಧಾ ಹೇಳತೈತಿ."

ರವದಿ ಕತ್ತರಿಸೋ ಯಂತ್ರ ಬಾಡಿಗೀಗೆ ಐತಿ,
ನೋಟೀಸಿನ ಕೆಳಗ ಸಣ್ಣ ಅಕ್ಷರದಾಗ.
ಇಡೀ ಹೋಬಳಿಗೆ ಎರಡು. ಒಂದರ ಬೆಲ್ಟು ಹರದೈತಿ.
ನನ್ನ ಪಾಳಿ ಇನ್ನೂರಾ ಹದಿನಾಲ್ಕು.
ಹೌದು, ನನಗೂ ಮೂವತ್ತು ಗುಂಟೆ ಐತಿ, ಮೂರನೇ ಕೂಳೆ,
ರವದಿ ಮೊಣಕಾಲ ಮಟ.
ಹ್ವಾದ ವರ್ಷ ನಾನೂ ಕಡ್ಡಿ ಗೀರಿದವನ.
ಮುಂಜಾನೆ ಬೂದಿಯೊಳಗ ಗೌಜಲಕ್ಕಿ ತತ್ತಿ ಸಿಕ್ಕವು, ಏಳು,
ಕುದಿಸಿಟ್ಟಂಗ, ಬೆಚ್ಚಗ.
ಯಾರಿಗೂ ಹೇಳಲಿಲ್ಲ. ಅದರಾಗೇನ ಹೇಳೂದು.

ಮೊನ್ನೆ ರಾತ್ರಿ ಹಳ್ಳದಾಚೆ ಬೆಂಕಿ ಎದ್ದಿತು.
ಬೆಳಗಾಗೂದ್ರಾಗ ಇಲಾಖೆ ಮೇಡಮ್ಮರು ಜೀಪಿನಿಂದ ಇಳದ್ರು,
ಹೊಸಬರು, ಮುಧೋಳದಿಂದ,
ಫೋನಿನಾಗ ಒಂದು ಕೆಂಪು ಚುಕ್ಕಿ ಹಿಡಕೊಂಡು.
"ಯಾವ ಸರ್ವೇ ನಂಬರ್ರೀ ಇದು?"
ಊರಿಗೂರ ನಿಂತಿತ್ತು, ಒಬ್ಬರ ಬಾಯಾಗೂ ನಂಬರಿಲ್ಲ.
ಅಷ್ಟರಾಗ ಗಾಳಿ ತಿರುಗಿ
ಅವರ ಬಿಳೀ ರಿಜಿಸ್ಟರಿನ ಮ್ಯಾಲೆ ಕರೀ ಚೂರು ಉದುರಾಕ ಹತ್ತಿದವು.
ಕೈಲೆ ಝಾಡಿಸಿದ್ರು, ಗೆರಿ ಎಳದಂಗ ಮೂಡಿತು.
ಪಾರಿಸಪ್ಪ ಮೆಲ್ಲಕ ಕೇಳಿದ, ಮರ್ಯಾದೀಲೆ ಕೇಳಿದ:
"ಇದು ಯಾವ ಸರ್ವೇ ನಂಬರಿನ ಬೂದಿರಿ?"
ಮೇಡಮ್ಮರು ಚಿಮಣಿ ಕಡೆ ನೋಡಿದ್ರು.
ಆಮ್ಯಾಲೆ ನನ್ನ ಕಡೆ.
ಪೆನ್ನಿನ ಟೊಪ್ಪಗಿ ಹಾಕಿದ್ರು, ತಗದ್ರು,
ಬರದ್ರು. ಅವರನ್ನೂ ಮ್ಯಾಲಿನವರು ನೋಡತಿರತಾರಲ್ಲ.

ಅಂದು ಸಂಜೀಕ ನನ್ನ ಹೊಲಕ್ಕ ಹೋದೆ.
ಕಿಸೇದಾಗ ಕಡ್ಡಿಪೆಟ್ಟಿಗಿ ಇತ್ತು, ಸುಳ್ಳ್ಯಾಕ ಹೇಳಲಿ.
ಕುಂತು ಒಂದು ಹಿಡಿ ರವದಿ ಎತ್ತಿದೆ.
ಕೆಳಗ ಮಣ್ಣು ಥಂಡಗ ಇತ್ತು,
ನೀರು ಬಿಟ್ಟು ಹದಿನೆಂಟು ದಿನ ಆಗಿದ್ರೂ.
ಒಂದು ಎರೆಹುಳ ಬೆಳಕಿಗೆ ಸಿಟ್ಟಾಗಿ ಒಳಗ ಸರೀತು.
ಅಂದ್ರ ನೋಟೀಸಿನಾಗ ಬರದದ್ದು ಖರೇನ.

ಇದನ್ನ ಚಾದಂಗಡ್ಯಾಗ ಹೆಂಗ ಹೇಳಲಿ?
ಬೆರಳಿಗೆ ಇನ್ನೂ ಮೈದಾ ಅಂಟೈತಿ.
ನಾ ಹೇಳಿದ್ರ ಹುಳಾನೂ ಸರಕಾರದ್ದ ಆಗತೈತಿ.
ಎತ್ತಿದ ಹಿಡಿ ಎತ್ತಿದಲ್ಲೇ ಇಟ್ಟು,
ಯಾರರೆ ನೋಡಿದ್ರೇನೋ ಅಂತ ಆಕಡೆ ಈಕಡೆ ನೋಡಿ
ಮನೀ ಹಾದಿ ಹಿಡದೆ.