ಧೂಳು ತಂದಿದ್ದೇನೆ

ಕುಶಾಲನಗರದ ಅಂಗಡಿಯಲ್ಲಿ ನಾಲ್ಕು ಯಂತ್ರಗಳು
ಗೋಡೆಗೆ ಬೆನ್ನು ಕೊಟ್ಟು ನಿಂತಿವೆ.
ಗಂಡು ನೋಡಲು ಹೆಣ್ಣೇ ಹೋಗುವ ಶಾಸ್ತ್ರವಿದ್ದರೆ
ಹೀಗೇ ಇರುತ್ತಿತ್ತೇನೋ:
ಸೊಂಡಿಲು ಮಡಚಿಕೊಂಡು, ತುಟಿ ಪಿಟಕ್ಕೆನ್ನದೆ.

'ಸಾವಿರದ ಆರುನೂರು ವಾಟ್, ಸುಗುಣಕ್ಕ,'
ಎಂದ ರಂಶಾದ್, ಕೆಂಪನೆಯದರ ತಲೆ ತಟ್ಟುತ್ತ.
ವಾಟು ಅಂದರೆ ಅದು ಉಣ್ಣುವ ಲೆಕ್ಕ ಮಾರಾಯ,
ದುಡಿಯುವ ಲೆಕ್ಕ ಬೇರೆ.
ಹೊಟ್ಟೆಬಾಕರನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಕೈಚೀಲ ಬಿಚ್ಚಿದೆ.
ಒಂದು ಮೊಳ ಕಾರ್ಪೆಟ್ಟಿನ ತುಂಡು,
ಜ್ಯಾಮ್ ಬಾಟಲಿಯಲ್ಲಿ ನನ್ನದೇ ಧೂಳು:
ಮಕ್ಕಂದೂರಿನ ಕೆಂಪು ಮಣ್ಣು, ಒಣಗಿಸಿ ಜರಡಿ ಹಿಡಿದದ್ದು,
ಹೋಂಸ್ಟೇಯ ಎರಡು ನಾಯಿಗಳ ಕೂದಲು,
ಕಾಫಿಯ ಹೊಟ್ಟು,
ಮದುವೆ ಹಾಲಿನಲ್ಲಿ ಸೀರೆಯಿಂದ ಉದುರಿದ ಚಮಕಿ,
ಯಾರನ್ನೋ ಹರಸಿ ಕಾಲಡಿ ಸೇರಿದ ನಾಲ್ಕು ಕಾಳು ಅಕ್ಕಿ.
ಸುರಿದೆ. ತುಳಿದೆ,
ಊಟದ ಪಂಕ್ತಿಗೆ ಓಡುವ ಮುನ್ನೂರು ಜನ ತುಳಿಯುವ ಹಾಗೆ.
ರಂಶಾದನ ಮುಖ ಸಣ್ಣಗಾಯಿತು.
ಬೆಳಿಗ್ಗೆಯಷ್ಟೇ ನೆಲ ಒರೆಸಿದ್ದ.

ಕೆಂಪನೆಯದು ಬೊಬ್ಬೆ ಹೊಡೆಯಿತು,
ಅಕ್ಕಿ ನುಂಗಿತು, ಚಮಕಿ ನುಂಗಿತು.
ತಲೆಯಲ್ಲಿ ಹೇನು ಹುಡುಕುವಂತೆ
ಎಳೆ ಬಿಡಿಸಿ ತೋರಿಸಿದೆ:
ಬುಡದ ಮಣ್ಣು ಬುಡದಲ್ಲೇ.

ಎರಡನೆಯದು ಡ್ರಮ್ಮಿನಂಥದ್ದು. 'ನೀರೂ ಹೀರುತ್ತೆ.'
ಹೀರಲಿ. ನನಗದು ಆಮೇಲಿನ ಮಾತು.
ನಾಪೋಕ್ಲಿನಲ್ಲಿ ನಮ್ಮ ಮೊದಲ ಕೆಲಸ,
ಧೂಳು ತೆಗೆಯುವ ಮೊದಲೇ ನೀರು ಹಾಕಿದ್ದೆವು.
ಬಂಗಲೆಯ ನಡುಮನೆ ಗದ್ದೆಯಾಯಿತು,
ಸಸಿ ನೆಡುವುದೊಂದು ಬಾಕಿ.
ಕೂಲಿ ಹೋಯಿತು, ಬುದ್ಧಿ ಬಂತು:
ಒಣಗಿದ್ದನ್ನು ಒಣಗಿದ್ದಾಗಲೇ ಎತ್ತಬೇಕು.
ಇದು ಕಾರ್ಪೆಟ್ಟಿಗಷ್ಟೇ ಹೇಳಿದ್ದು.

ಮೂರನೆಯದಕ್ಕೆ ಉರುಳುವ ಬ್ರಷ್ಷು, ಉಕ್ಕಿನ ಮೈ.
ಸತ್ಯಕ್ಕೂ ಚೆನ್ನಾಗಿತ್ತು.
ಪರ್ಸಿನ ಜಿಪ್ಪು ಅರ್ಧ ಎಳೆದಿದ್ದೆ.
ಅಷ್ಟರಲ್ಲಿ, ಬಂದಾಗಿನಿಂದ ಸ್ಟೂಲಿನ ಮೇಲೆ
ಸುಮ್ಮನೆ ಕೂತಿದ್ದ ತ್ರೇಸ್ಯಮ್ಮ ಎದ್ದಳು.
ಎಡಗೈಯಲ್ಲಿ ಅದನ್ನೆತ್ತಿ
ಗೋಡೌನಿನ ಮೆಟ್ಟಿಲು ಹತ್ತಿದಳು, ಹದಿನಾಲ್ಕು.
ಇಳಿದಳು. ಇಟ್ಟಳು.
ಸೆರಗಿನಿಂದ ಕತ್ತು ಒರೆಸಿಕೊಂಡಳು.
ಬಲಭುಜ ಜನವರಿಯಿಂದಲೇ ಅವಳ ಮಾತು ಕೇಳುತ್ತಿಲ್ಲ.
ಮಡಿಕೇರಿಯಲ್ಲಿ ಸಮನೆಲದ ಮೇಲೆ ಯಾವ ಮನೆಯಿದೆ?
ರಸ್ತೆಯಿಂದ ಇಳಿಯಬೇಕು, ಇಲ್ಲವೇ ಹತ್ತಬೇಕು.
ಜಿಪ್ಪು ಮುಚ್ಚಿದೆ.

'ಇನ್ನೊಂದು ಹಳೇ ಮಾಡೆಲ್ಲು,' ಎಂದ ರಂಶಾದ್, ಬೇಸರದಲ್ಲಿ.
ಇಲಿಬಣ್ಣ. ಧೂಳು ತೆಗೆಯುವ ಯಂತ್ರದ ಮೇಲೇ
ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು.
ಒಂಬತ್ತು ಕಿಲೋ.
ಬ್ರಷ್ಷಿಗೆ ಅದರದೇ ಮೋಟಾರು,
ಉಣ್ಣೆಗೆ ಎತ್ತರಿಸಲು, ನಾರಿಗೆ ತಗ್ಗಿಸಲು ಒಂದು ಗುಬ್ಬಿ.
ಹನ್ನೆರಡು ಮೀಟರು ವೈರು.
ಬೂಷ್ಟಿನ ಪುಡಿ ಮತ್ತೆ ಗಾಳಿಗೆ ಹಾರದಂತೆ
ಬಾಯಿ ಮುಚ್ಚಿಕೊಳ್ಳುವ ಚೀಲ.
'ಬೆಲ್ಟು ತುಂಡಾದರೆ?'
'ಇಲ್ಲೇ ಇದೆಯಲ್ಲ, ನೂರಾ ಎಂಬತ್ತು.'

ಒತ್ತಿದೆ.
ಚರಚರ, ಚರಚರ,
ಮಣ್ಣು ಕೊಳವೆ ಹತ್ತುವ ಸದ್ದು,
ಒಗ್ಗರಣೆಗೆ ಬಿದ್ದ ಸಾಸಿವೆಯದು.
ತಳ್ಳಿದೆ, ನಿಧಾನ ಎಳೆದೆ, ಮತ್ತೆ ಎಳೆದೆ.
ಸಿಡಿತ ವಿರಳವಾಯಿತು.
ಒಂದೆರಡು.
ಆಮೇಲೆ ಬರೀ ಗಾಳಿ.
ಈ ಕಸುಬಿನಲ್ಲಿ ಕಣ್ಣು ಮೋಸ ಮಾಡುತ್ತದೆ,
ಕಿವಿಗೆ ಗೊತ್ತಿರುತ್ತದೆ ಮುಗಿಯಿತೆಂದು.
ತ್ರೇಸ್ಯಮ್ಮನ ಕಡೆ ನೋಡಿದೆ.
ಅವಳಾಗಲೇ ವೈರು ಸುತ್ತತೊಡಗಿದ್ದಳು.

ಬಿಲ್ಲಿಗೆ ಹೆಸರು ಕೇಳಿದ. ನಮಗೊಂದು ಹೆಸರಿರಲಿಲ್ಲ.
'ಸುಗುಣ, ತ್ರೇಸ್ಯ' ಎಂದು ಬರೆಸಿ,
ನಾನು ಗಲೀಜು ಮಾಡಿದ್ದ ನೆಲವನ್ನು
ಅದರಲ್ಲೇ ಒಮ್ಮೆ ಎಳೆದುಕೊಟ್ಟೆ.
ರಂಶಾದ್ ನಕ್ಕ. ಇನ್ನೂರು ಇಳಿಸಿದ.

ಸುಂಟಿಕೊಪ್ಪದ ಬಸ್ಸಿನಲ್ಲಿ
ನಮ್ಮಿಬ್ಬರಿಗೂ ಪುಕ್ಕಟೆ, ಅದಕ್ಕೆ ಮಾತ್ರ ಲಗೇಜು.
ಕಂಡಕ್ಟರು ಕೊಳವೆಯನ್ನು ದಿಟ್ಟಿಸಿ
'ಏನಿದು, ಆನೆಮರಿಯಾ?' ಎಂದ.
ಮೊಣಕಾಲ ನಡುವೆ ಅದನ್ನು ಭದ್ರ ಹಿಡಿದಿದ್ದ ತ್ರೇಸ್ಯಮ್ಮ
ಇಡೀ ದಿನದಲ್ಲಿ ಮೊದಲ ಸಲ ಬಾಯಿ ತೆರೆದಳು:
'ಹ್ಞೂಂ. ಅರ್ಧ ಟಿಕೆಟ್ ಕೊಡಿ.'