ಕಾಗದದ ಬಾಯಿ

ಬೆಳಗಿನ ಐದೂಮುಕ್ಕಾಲು. ರೀಲ್‌ಫುಟ್ ಸರೋವರದ ಮೇಲೆ
ಇನ್ನೂ ಯಾರೂ ಮಡಿಚಿಡದ ಮಂಜು.
ಬುಕಿಂಗು ಒಂದು, ಬಂದ ಟ್ರಕ್ಕು ಎರಡು,
ಕಟ್ಟೆಯ ಆ ಕೊನೆಗೊಂದು, ಈ ಕೊನೆಗೊಂದು.
ಆಗಲೇ ನನಗೆ ಹೊಳೆಯಬೇಕಿತ್ತು.

ಇಮೋಜೀನ್, ಎಪ್ಪತ್ತೊಂದು,
ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳು.
ವರ್ಲನ್, ಅವಳಿಗಿಂತ ಮೂರು ವರ್ಷ ಚಿಕ್ಕವನು, ಒಡಹುಟ್ಟಿದವನು.
ಇಡೀ ದಿನದ ದುಡ್ಡು ಮುಂಗಡ ಕಟ್ಟಿದ್ದು ವರ್ಲನ್ನನ ಮಗಳು.
ದೋಣಿ ಎಷ್ಟುದ್ದ ಎಂದು ಫೋನಿನಲ್ಲಿ ಎರಡೆರಡು ಸಲ ಕೇಳಿದ್ದಳು.
ಹದಿನೆಂಟು ಅಡಿ ಅಂದೆ.
ಅದಕ್ಕಿಂತ ದೊಡ್ಡದು ಬೇಡ, ಅಂದಳು.

ಎಲ್ಲರಿಗೂ ಹೇಳುವುದನ್ನೇ ಇವರಿಗೂ ಹೇಳಿದೆ:
ಕ್ರಾಪಿಯ ತುಟಿ ಕಾಗದ.
ಕಚ್ಚಿತೆಂದು ಜಗ್ಗಿದಿರೋ, ಹರಿಯಿತು,
ಕೊಕ್ಕೆಯಲ್ಲಿ ಚೂರು ಬಾಯಿ ಉಳಿಯುತ್ತದೆ, ಮೀನಲ್ಲ.
ಎತ್ತಿ. ಬರೀ ಎತ್ತಿ.
ನಿದ್ದೆಹೋದ ಕೂಸಿನ ಕತ್ತಿನಡಿಯಿಂದ
ತೋಳು ಬಿಡಿಸಿಕೊಳ್ಳುವ ಹಾಗೆ.

ಇಬ್ಬರೂ ತಲೆಯಾಡಿಸಿದರು. ಬೇರೆ ಬೇರೆ ದಿಕ್ಕಿಗೆ.

ಇಲ್ಲಿ ಕಾಡಿತ್ತು, ಇದನ್ನೂ ಹೇಳುತ್ತೇನೆ ಎಲ್ಲರಿಗೂ.
ಇನ್ನೂರು ವರ್ಷದ ಹಿಂದೆ ನೆಲ ನಡುಗಿ, ಕುಸಿದು,
ದೊಡ್ಡ ನದಿ ಒಂದಷ್ಟು ಹೊತ್ತು ಹಿಂದಕ್ಕೆ ಹರಿಯಿತಂತೆ.
ಆ ಮರಗಳ ಬುಡಗಳು ಈಗಲೂ ನೀರಡಿಯಲ್ಲಿ.
ಆಗೊಮ್ಮೆ ಈಗೊಮ್ಮೆ ದೋಣಿಯ ತಳಕ್ಕೆ ಕುಟ್ಟುತ್ತವೆ,
ಬಾಗಿಲು ತೆರೆಯಿರಿ ಎಂಬಂತೆ.

ವರ್ಲನ್ ನನಗೆ ಹೇಳಿದ:
ಅವಳ ಬೆಂಡು ತೀರ ಮೇಲಿದೆ ಅಂತ ಹೇಳು.
ಹೇಳಿದೆ. ಅವನ ಮೊಣಕೈಯಿಂದ ಎರಡೇ ಅಡಿ ದೂರ ಕೂತಿದ್ದವಳಿಗೆ.
ಅವಳು ನನಗೆ ಹೇಳಿದಳು:
ಅವನ ಬೆಂಡು ಅವನು ನೋಡಿಕೊಳ್ಳಲಿ ಅಂತ ಹೇಳು.
ಹೇಳಿದೆ. ದಿನಕ್ಕೆ ಇಷ್ಟೆಂದು ಕೂಲಿ ನನಗೆ,
ಅದರಲ್ಲಿ ಅಂಚೆಯವನ ಕೆಲಸವೂ ಸೇರಿತ್ತು, ಗೊತ್ತಿರಲಿಲ್ಲ.

ಮೀನು ಮಾತ್ರ ಬಂದವು. ಡಾಗ್‌ವುಡ್ ಹೂಬಿಟ್ಟ ವಾರ,
ಹೆಣ್ಣುಗಳು ಮೊಟ್ಟೆ ಹೊತ್ತು ದಡಕ್ಕೆ ತಿರುಗಿದ ವಾರ.
ಬೆಂಡು ಮುಳುಗುವುದಲ್ಲ, ಕ್ರಾಪಿ ಕಚ್ಚಿದರೆ ಕೆಲವೊಮ್ಮೆ
ಬೆಂಡು ಸುಮ್ಮನೆ ಅಡ್ಡ ಮಲಗುತ್ತದೆ. ದಣಿದವರ ಹಾಗೆ.

ಮಧ್ಯಾಹ್ನ ಸೈಪ್ರಸ್ ನೆರಳಲ್ಲಿ ಬುತ್ತಿ ಬಿಚ್ಚಿದೆವು.
ಅವನದು ಉಪ್ಪು ಬಿಸ್ಕತ್ತು, ಡಬ್ಬಿಯ ಸಾಸೇಜು.
ಅವಳು ಸಾಸಿವೆ ಗೊಜ್ಜಿನ ಬಾಟಲಿಯನ್ನು
ಬೂಟಿನ ತುದಿಯಿಂದ ಅವನ ಕಡೆ ತಳ್ಳಿದಳು, ನೀರು ನೋಡುತ್ತಲೇ.
ಅವನು ಬೇಕೆಂದು ಕೇಳಿರಲಿಲ್ಲ.

ಎರಡರಿಂದ ನಾಲ್ಕು ಸತ್ತ ಹೊತ್ತು. ಪಡುವಣ ಗಾಳಿ.
ಸೋನಾರ್ ಪರದೆಯಲ್ಲಿ ಕಾಣುತ್ತವೆ, ಬೊಡ್ಡೆಯ ಸುತ್ತ ಹಸಿರು ಚುಕ್ಕೆಗಳು.
ಇವೆ. ಬಾಯಿ ಬಿಡುವುದಿಲ್ಲ ಅಷ್ಟೇ.

ನನ್ನ ಹಳೇ ಮೋಟಾರು ನೋಡಿ ವರ್ಲನ್ ಅಂದ:
ನಮ್ಮಪ್ಪನದೂ ಇಂಥದೇ ಇತ್ತು. ಯಾರೋ ಮಾರಿಬಿಟ್ಟರು.
ಇಮೋಜೀನ್ ಸರೋವರಕ್ಕೆ ಅಂದಳು:
ಆಸ್ಪತ್ರೆಯ ಬಿಲ್ಲು ಯಾರೋ ಕಟ್ಟಬೇಕಿತ್ತು.
ನಾನು ಪರದೆಯನ್ನೇ ನೋಡುತ್ತ ಕೂತೆ.
ಮಾತು ಆಡಿದರೆ ಹೋಯಿತು. ಆಡದಿದ್ದರೆ ಎಲ್ಲಿಗೆ ಹೋಗುತ್ತದೋ.

ನಾಲ್ಕೂಕಾಲಿಗೆ ಅವನ ಕೋಲು ಬಿಲ್ಲಾಯಿತು.
ನಾನು ಹಿಂದಿನ ತುದಿಯಲ್ಲಿ, ಬೊಡ್ಡೆಗೆ ಸಿಕ್ಕ ದಾರ ಬಿಡಿಸುತ್ತಿದ್ದೆ.
ಬಲೆ! ಅಂದ ವರ್ಲನ್. ಯಾರಿಗೆಂದು ಹೇಳಲಿಲ್ಲ.
ಅವಳ ಬಲೆ ಆಗಲೇ ನೀರಲ್ಲಿತ್ತು.
ಮೀನು ಅದರೊಳಗೆ ಬೀಳುವುದಕ್ಕೂ ಕೊಕ್ಕೆ ಕಳಚುವುದಕ್ಕೂ ಸರಿಹೋಯಿತು.
ತುಟಿಯಲ್ಲಿ ಅಂಗಿಯ ಗುಂಡಿಯಷ್ಟು ತೂತು,
ಅದರೊಳಗಿಂದ ಆಕಾಶ.

ಸಂಜೆ ಕಟ್ಟೆಯ ಮೇಜಿನ ಮೇಲೆ ಎಣಿಸಿದೆ: ನಲವತ್ತಮೂರು.
ಅರ್ಧರ್ಧ ಹಂಚಿದ ಮೇಲೆ ಒಂದು ಉಳಿಯಿತು.
ಅವಳಿಗೆ ಕೊಡು, ಅಂದ. ಅವನಿಗೆ ಕೊಡು, ಅಂದಳು.
ಕರೆಂಟು ಚಾಕು ಗುಂಯ್ಯೆನ್ನುತ್ತ ಕಾಯಿತು.

ಆಮೇಲೆ ಅವಳು ಪೂರಾ ತಿರುಗಿ, ಅವನನ್ನೇ ನೋಡಿ:
ನೀನು ಬೆಳಗಿನದನ್ನು ಲೆಕ್ಕಕ್ಕೆ ಹಿಡಿದಿಲ್ಲ. ನಿನಗೆ ಯಾವತ್ತು ಎಣಿಸಲು ಬಂದಿದೆ?
ಎಣಿಸಿದ್ದು ಇವನು, ನಾನಲ್ಲ!
ಇವನಿಗೂ ಬರುವುದಿಲ್ಲ.
ಮತ್ತೆ ಒಂದರಿಂದ ಶುರು, ನಾಲ್ಕು ಕೈ, ಜಗಳವಾಡುತ್ತ.

ನಲವತ್ತನಾಲ್ಕನೆಯದು ದೋಣಿಯ ತೊಟ್ಟಿಯ ಮೂಲೆಯಲ್ಲಿ
ಇನ್ನೂ ಕಿವಿರು ಆಡಿಸುತ್ತಿತ್ತು.
ನೋಡಿದೆ.
ಬಾಯಿ ಬಿಡಲಿಲ್ಲ.